ನಲವತ್ತು ಮನೆ ತುತ್ತು ಬಿಟ್ಟ ಹೊನ್ನವ್ವ

ಬಲು ಹಿಂದೆ ಕಣ್ರವ್ವ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ವಂತೆ, ಅಷ್ಟು ಹಿಂದೆ. ಹೊಳೆ ದಂಡೆ ಮೇಲೆ ಒಂದೂರು. ಕಲ್ಲುಮಡಿ ಅಂತ. ಊರಿಗೆ ನಲವತ್ತು ಮನೆ. ನಲವತ್ತು ಮನೆಗೂ ಬಟ್ಟೆ ಒಗೆಯೋಳು ಒಬ್ಬಳೇ, ಮಡಿವಾಳರ ಹೊನ್ನವ್ವ.

ಹೊನ್ನವ್ವ ಬಟ್ಟೆ ಎತ್ತಿ ಬಂಡೆಗೆ ಬಡಿದ್ರೆ ಮೂರೂರಿಗೆ ಕೇಳಿಸ್ತಿತ್ತಂತೆ. ಮೂರೂರು ಅಂತ ನಮ್ಮತ್ತೆ ಹೇಳೋರು. ನಮ್ಮತ್ತೆಯ ಅತ್ತೆ ಒಂದೇ ಊರು ಅಂತಿದ್ರಂತೆ. ಯಾಕೆ ಜಗಳ ಅಂತ ನಾನು ಎರಡೂರು ಅಂತ ಇಟ್ಕೊಂಡಿದ್ದೀನಿ. ನಗಬೇಡಿ, ಕೇಳಿ.

ಮೂರು ಮಕ್ಕಳು ಹೆತ್ತು, ಕಿರಿಯವಳು ಹಾಲು ಬಿಟ್ಟ ಕಾಲಕ್ಕೆ ಹೊನ್ನವ್ವನಿಗೆ ನೋವು ಶುರುವಾಯ್ತು. ಮೊದಲು ಮಣಿಕಟ್ಟು, ಆಮೇಲೆ ಮಂಡಿ, ಆಮೇಲೆ ಭುಜ. ಬೆಳಗ್ಗೆ ಏಳೋವಾಗ ಯಾರೋ ಮಲಗಿದಲ್ಲೇ ಹಿಡಿದು ಬಡಿದಿದ್ದಾರೆ ಅನ್ನೋಹಂಗೆ ಮೈ. ಮುಷ್ಟಿ ಕಟ್ಟೋಕಾಗದು. ಅದರ ಜೊತೆಗೆ ಸುಸ್ತು. ಕೆಲಸ ಮಾಡಿ ಆಗೋ ಸುಸ್ತಲ್ಲ ಕಣ್ರವ್ವ, ಅದು ಉಂಡು ಮಲಗಿದ್ರೆ ಹೋಗುತ್ತೆ. ಇದು ಎದ್ದಾಗಲೇ ಕೂತಿರೋ ಸುಸ್ತು. ತಲೆ ಬಾಚಿ ತುರುಬು ಕಟ್ಟೋಕೂ ಕೈ ಮೇಲೆ ಹೋಗ್ತಿರಲಿಲ್ಲ. ಅವಳ ಗಂಡ ಮುದ್ದಯ್ಯನೇ ದಿನಾ ಕಟ್ಟೋನು. ಗಂಡಸು ಕಟ್ಟಿದ ತುರುಬು ಹೆಂಗಿರುತ್ತೆ? ಹೊಳೆಗೆ ಹೋಗೋಷ್ಟರಲ್ಲಿ ಬಿಚ್ಚಿ ಹೋಗೋದು.

ದೃಷ್ಟಿ ತೆಗೆಸಿದ್ರು. ತಾಯತ ಕಟ್ಟಿಸಿದ್ರು. ಹರಳೆಣ್ಣೆ ಕಾಯಿಸಿ ನೀವಿದ್ರು. ಹಂಗೂ ಹೋಗಲಿಲ್ಲ. ಊರೋರು ಮೈಗಳ್ಳಿ ಅಂದ್ರು. ನೋಡೋಕೆ ಗಟ್ಟಿಮುಟ್ಟಾಗಿದ್ದೋಳು ನೋವು ಅಂದ್ರೆ ಯಾರು ನಂಬ್ತಾರೆ? ಒಂದು ಗಾಯ ಇಲ್ಲ, ಒಂದು ಬಾವು ಇಲ್ಲ. ಇವತ್ತೂ ಹಂಗೇ ಅಲ್ವಾ, ಕಾಣದ ನೋವು ಇದ್ದೋರಿಗೆ ಎರಡು ನೋವು.

ಈಗ ಒಂದು ಮಾತು ತಿಳ್ಕೊಬೇಕು ನೀವು. ಆ ಕಾಲದಲ್ಲಿ ಮಡಿವಾಳರ ಮನೆಯಲ್ಲಿ ಸಂಜೆಗೆ ಒಲೆ ಹಚ್ಚೋಹಂಗಿರಲಿಲ್ಲ. ಬಟ್ಟೆ ಒಗೆದಿದ್ದಕ್ಕೆ ನಲವತ್ತು ಮನೆಯೋರೂ ಊಟ ಹಾಕೋರು. ಹೊನ್ನವ್ವ ಒಂದು ಕುಕ್ಕೆ, ಒಂದು ಗಡಿಗೆ ಹಿಡ್ಕೊಂಡು ಮನೆ ಮನೆ ಮುಂದೆ ನಿಲ್ಲೋಳು. ಮುದ್ದೆ ಕುಕ್ಕೆಗೆ, ಸಾರು ಗಡಿಗೆಗೆ. ಒಂದು ಮನೆ ಬದನೆಕಾಯಿ ಗೊಜ್ಜು, ಒಂದು ಮನೆ ಹುಳಿ ಕಾರದ ಸಾರು, ಒಂದು ಮನೆ ನಿನ್ನೆದು, ಒಂದು ಮನೆ ಮೊನ್ನೆದು. ಎಲ್ಲ ಒಂದೇ ಗಡಿಗೆಯಲ್ಲಿ. ಅವಳ ಅತ್ತೆ ಅದನ್ನೇ ತಿಂದಿದ್ಳು, ಅತ್ತೆಯ ಅತ್ತೆಯೂ ಅದನ್ನೇ. ಅದು ಕೂಲಿಯೂ ಹೌದು, ಮರ್ಯಾದೆಯೂ ಹೌದು.

ಒಂದು ವರ್ಷ ಯುಗಾದಿಗೆ ಮುಂಚೆ ನಲವತ್ತು ಮನೆ ಕಂಬಳಿ, ಜಮಖಾನ, ಹಾಸಿಗೆ ಬಟ್ಟೆ ಎಲ್ಲ ಕತ್ತೆ ಮೇಲೆ ಹೇರ್ಕೊಂಡು ಗಂಡ ಹೆಂಡತಿ ಮಕ್ಕಳ ಸಮೇತ ಮೇಲಿನ ಮಡುವಿಗೆ ಹೋದ್ರು. ಅಷ್ಟು ಬಟ್ಟೆ ಸವಳು ಮಣ್ಣಲ್ಲಿ ನೆನೆಸಿ, ದೊಡ್ಡ ಬಾನೆಯಲ್ಲಿ ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಿ, ಒಗೆದು ಒಣಗಿಸೋಕೆ ಒಂಬತ್ತು ದಿನ ಬೇಕು. ಊರು ದೂರ. ಗಡಿಗೆ ಹಿಡ್ಕೊಂಡು ಹೋಗೋದಕ್ಕೆ ಮನೆಯಿಲ್ಲ. ಅಲ್ಲೇ ಮೂರು ಕಲ್ಲು ಹೂಡಿ ಬೇಯಿಸ್ಕೊಂಡ್ರು. ಬೆಳಗ್ಗೆ ರಾಗಿ ಅಂಬಲಿ. ಮಧ್ಯಾಹ್ನ ಬಿಸಿ ಮುದ್ದೆ, ಹುರುಳಿ ಕಟ್ಟು, ದಂಡೆ ಮೇಲಿದ್ದ ನುಗ್ಗೆಸೊಪ್ಪು. ಸಿಕ್ಕಿದ ದಿನ ಹೊಳೆ ಮೀನು. ಹೊತ್ತು ಮುಳುಗೋ ಮುಂಚೆ ಊಟ ಮುಗಿಸೋರು. ಹುಣಸೆಹಣ್ಣು ತರೋದನ್ನ ಮುದ್ದಯ್ಯ ಮರೆತಿದ್ನಂತೆ. ಎರಡು ದಿನ ಬೈಸ್ಕೊಂಡ.

ಐದನೇ ದಿನ ಬೆಳಗ್ಗೆ ಮುದ್ದಯ್ಯ ಬಾಚಣಿಗೆ ತಗೊಂಡು ಬಂದ್ರೆ ಹೊನ್ನವ್ವ ತುರುಬು ಕಟ್ಕೊಂಡು ಕೂತಿದ್ಳು. ತಾನೇ ಕಟ್ಕೊಂಡಿದ್ಳು. ಮುದ್ದಯ್ಯ ಬಾಚಣಿಗೆ ಅವಳ ಮಡಿಲಿಗೆ ಹಾಕಿ ಮುಖ ತಿರುಗಿಸ್ಕೊಂಡ. ಅಳು ಬಂದಿತ್ತು ಪಾಪ ಅವನಿಗೆ.

ಊರಿಗೆ ಬಂದ್ರು. ಮತ್ತೆ ಗಡಿಗೆ, ಮತ್ತೆ ನಲವತ್ತು ಮನೆ ತುತ್ತು. ಮೂರನೇ ದಿನ ಬೆಳಗ್ಗೆ ಕೈ ಮೇಲೆ ಹೋಗಲಿಲ್ಲ.

ಆಗ ಹೊನ್ನವ್ವ ಯೋಚನೆ ಮಾಡಿದ್ಳು. ಅದೇ ಹೊಳೆ ನೀರು, ಬಂಡೆಗೆ ಬಡಿಯೋದೂ ಅದೇ, ಅಲ್ಲಿ ಕೆಲಸ ಇನ್ನೂ ಹೆಚ್ಚೇ ಇತ್ತು. ಬೇರೆ ಇದ್ದದ್ದು ಒಂದೇ, ಹೊಟ್ಟೆಗೆ ಹೋಗಿದ್ದು. ಗಡಿಗೆ ತುತ್ತು ತಿನ್ನೋದು ಬಿಟ್ಳು. ಗಂಡ ಮಕ್ಕಳಿಗೆ ಊರ ತುತ್ತು, ತನಗೆ ಮಾತ್ರ ಬೇರೆ ಒಲೆ. ಒಂದೊಂದೇ ಪದಾರ್ಥ ತಿಂದು ನೋಡಿದ್ಳು. ಮೈ ಹಗುರ ಇದ್ದ ದಿನ ಒಂದು ಕುಡಿಕೆಗೆ ಅವರೆಕಾಳು, ಮೈ ಹಿಡ್ಕೊಂಡ ದಿನ ಇನ್ನೊಂದು ಕುಡಿಕೆಗೆ ಹುರುಳಿಕಾಳು. ಒಂದು ಮಳೆಗಾಲ ಪೂರ್ತಿ ಹಿಂಗೇ. ಅವಳಿಗೆ ಹುಳಿ ಹೆಚ್ಚಾದ್ರೆ ಒಗ್ಗಲ್ಲ. ಬದನೆಕಾಯಿ ಒಗ್ಗಲ್ಲ. ತಂಗಳು ಸಾರು ಸುತರಾಂ ಒಗ್ಗಲ್ಲ. ಹೊತ್ತು ಮೀರಿ ಉಂಡ್ರೆ ಅಮೃತವೂ ಒಗ್ಗಲ್ಲ. ಬಿಸಿದು, ಸೊಪ್ಪು, ಕಾಳು, ಅಂಬಲಿ ಒಗ್ಗುತ್ತೆ. ಇನ್ನೊಂದು ಕಂಡ್ಕೊಂಡ್ಳು. ಸುಸ್ತು ಬಂದ ಮೇಲೆ ಕೂತ್ರೆ ಪ್ರಯೋಜನ ಇಲ್ಲ, ಬರೋ ಮುಂಚೆ ಕೂರಬೇಕು. ಹತ್ತು ಸೀರೆ ಒಗೆದು ಒಂದು ಗಳಿಗೆ ಕೂತ್ರೆ ಇನ್ನು ಹತ್ತು ಒಗೆಯಬಹುದು.

ಒಬ್ಬಳಿಗೆ ಎರಡನೇ ಒಲೆ ಅಂದ್ರೆ ದವಸ ಬೇಕಲ್ಲ. ಒಂದು ಸಂಜೆ ಹೊನ್ನವ್ವ ಮನೆ ಮನೆಗೂ ಹೋಗಿ ಹೇಳಿದ್ಳಂತೆ, ಅವ್ವ, ನನ್ನ ಪಾಲಿನ ತುತ್ತು ಬೇಡ, ಅದರ ಬದಲು ಒಂದು ಹಿಡಿ ರಾಗಿಯೋ ಕಾಳೋ ಕೊಡಿ, ಬೇಯಿಸ್ಕೊತೀನಿ ಅಂತ. ಅಯ್ಯಯ್ಯೋ, ಊರಿಗೆ ಬೆಂಕಿ ಬಿದ್ದಂಗಾಯ್ತು! ನಾವು ಬೇಯಿಸಿದ್ದು ಇವಳಿಗೆ ಬೇಡವಂತೆ! ಮೂವತ್ತೊಂಬತ್ತು ಮನೆಯೋರು ಗೊಣಗಿದ್ರು. ನಲವತ್ತನೇದು ದೊಡ್ಡಗೌಡರ ಮನೆ. ಅಲ್ಲಿ ಗೌಡತಿ ನಿಂಗಾಜಮ್ಮ ಒಳಗಿಂದಲೇ ಕೂಗಿದ್ಳು, ನಮ್ಮ ಮನೆ ಅನ್ನಕ್ಕೆ ಹೆಸರಿಡೋಷ್ಟು ದೊಡ್ಡೋಳಾದ್ಳಾ ಅವಳು, ಪಂಚಾಯ್ತಿ ಸೇರಿಸಿ ಅಂತ.

ನಿಂಗಾಜಮ್ಮ ಹೊಸ್ತಿಲು ದಾಟಿ ಹೊರಗೆ ಬಂದು ನಾಲ್ಕು ವರ್ಷ ಆಗಿತ್ತಂತೆ. ಗೌಡತಿಗೆ ಜಂಬ, ಜನರ ಮುಖ ನೋಡೋಲ್ಲ ಅಂತ ಊರೆಲ್ಲ ಮಾತು.

ಪಂಚಾಯ್ತಿ ಸೇರ್ತು. ತೀರ್ಮಾನ ಆಯ್ತು. ಅತ್ತೆ ತಿಂದಂಗೆ ಇವಳೂ ಊರ ತುತ್ತು ತಿನ್ನಬೇಕು. ಇಲ್ಲ, ಒಗೆಯೋ ಹಕ್ಕು ಬಿಟ್ಟು, ಗಂಡ ಮಕ್ಕಳು ಕತ್ತೆ ಸಮೇತ ಊರು ಬಿಡಬೇಕು. ಮುದ್ದಯ್ಯ ಕೈ ಮುಗಿದು ನಿಂತಿದ್ದ. ತಿಂದ್ರೆ ಹೆಂಡತಿ ಮೂಲೆ ಹಿಡೀತಾಳೆ, ತಿನ್ನದಿದ್ರೆ ಮಕ್ಕಳಿಗೆ ಸೂರಿಲ್ಲ. ಏನು ಮಾಡ್ತಾನೆ ಅವನು?

ಹೊನ್ನವ್ವ ಅಳಲಿಲ್ಲವಂತೆ. ಜಗಳಕ್ಕೂ ನಿಲ್ಲಲಿಲ್ಲವಂತೆ. ತಿಂತೀನಿ ಅಂದ್ಳು. ಮೂರು ದಿನ ನಲವತ್ತು ಮನೆ ತುತ್ತೂ ಬಿಡದಂಗೆ ತಿಂತೀನಿ. ನಾಲ್ಕನೇ ದಿನ ಬೆಳಗ್ಗೆ ಗೌಡತಿಯವ್ವ ನನ್ನ ಗುಡಿಸಲಿಗೆ ಬಂದು ನೋಡಲಿ. ನೋಡಿದ ಮೇಲೂ ಅವರು ತಿನ್ನು ಅಂದ್ರೆ ಸಾಯೋವರೆಗೂ ತಿಂತೀನಿ. ಜನ ನಕ್ರು. ಹೊಸ್ತಿಲು ದಾಟದ ಗೌಡತಿ ಇವಳ ಗುಡಿಸಲಿಗೆ ಬರ್ತಾಳಾ? ಆದ್ರೆ ಮಾತು ಒಳಮನೆಗೆ ಮುಟ್ತು. ಬರ್ತೀನಿ ಅಂತ ಹೇಳಿ ಕಳಿಸಿದ್ಳು ನಿಂಗಾಜಮ್ಮ. ಹಟಮಾರಿ ಹೆಂಗಸು ಅದು.

ಮೂರು ದಿನ ಹೊನ್ನವ್ವ ತಿಂದ್ಳು. ಊರು ನೋಡ್ತಿರೋ ಹಂಗೇ ತಿಂದ್ಳು. ಗೊಜ್ಜು, ಹುಳಿ, ತಂಗಳು, ಯಾವುದನ್ನೂ ಬಿಡಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಗೌಡತಿ ಬಂದ್ಳು. ನಡ್ಕೊಂಡೇ ಬಂದ್ಳು, ಗೋಡೆ ಹಿಡ್ಕೊಂಡು, ಮನೆಮನೆ ಜಗಲಿ ಮೇಲೆ ಕೂತ್ಕೊಂಡು. ಮೂರು ಬೀದಿ ದಾಟೋಕೆ ಎಳೆಬಿಸಿಲು ಹೋಗಿ ಸುಡುಬಿಸಿಲು ಬಂದಿತ್ತಂತೆ. ಒಳಗೆ ಹೊನ್ನವ್ವ ಚಾಪೆ ಮೇಲೆ ಬಿದ್ದಿದ್ಳು. ಗೌಡತಿ ಬಂದಿದ್ದಾರಲ್ಲ ಅಂತ ಏಳೋಕೆ ನೋಡಿದ್ಳು, ಆಗಲಿಲ್ಲ. ನೀರಿನ ಚೊಂಬು ಎತ್ತೋಕೆ ಹೋದ್ಳು, ಕೈಯಿಂದ ಜಾರಿ ನೀರೆಲ್ಲ ನೆಲಕ್ಕೆ ಹೋಯ್ತು. ಗೌಡತಿ ಆ ಕೈಯನ್ನೇ ನೋಡ್ತಾ ನಿಂತ್ಳು. ಆಮೇಲೆ ಜೊತೆಗೆ ಬಂದೋರನ್ನೆಲ್ಲ ಹೊರಗೆ ಹೋಗಿ ಅಂದು ಬಾಗಿಲು ಹಾಕಿಸಿದ್ಳು.

ಒಳಗೆ ಏನಾಯ್ತು ಅಂತ ಇಬ್ಬರಿಗೇ ಗೊತ್ತು. ಆದ್ರೂ ಊರಿಗೆಲ್ಲ ಗೊತ್ತು. ಗೌಡತಿ ದನಿ ತಗ್ಗಿಸಿ ಕೇಳಿದ್ಳಂತೆ:

"ನಿನಗೆ ಬೆಳಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?"

"ಬೆಳಗ್ಗೆನೇ ಅವ್ವ. ನಿಮಗೂ ಹಂಗೇ ಅಲ್ವಾ?"

"ನನಗೆ ನೋವಿದೆ ಅಂತ ಯಾರೇ ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ. ನಿಮ್ಮ ಸೀರೆ ಒಗೆಯೋಳು ನಾನು. ನಾಲ್ಕು ವರ್ಷದಿಂದ ಮಂಡಿ ಹತ್ರ ಎಣ್ಣೆ ಕಲೆ."

ನಾಲ್ಕು ವರ್ಷದಿಂದ ಗೊತ್ತಿತ್ತು ಅವಳಿಗೆ! ಜಂಬ ಅಲ್ಲ, ನೋವು ಅಂತ. ಪಂಚಾಯ್ತಿಯಲ್ಲಿ ಒಂದು ಮಾತು ಆಡಿದ್ರೆ ಗೌಡತಿ ಮಾನ ಅಲ್ಲೇ ಹೋಗ್ತಿತ್ತು. ಆಡಲಿಲ್ಲ. ನಿಂಗಾಜಮ್ಮ ಆ ಒದ್ದೆ ನೆಲದ ಮೇಲೇ ಕೂತು ಅತ್ತುಬಿಟ್ಳಂತೆ. ಹೊರಗೆ ಬಂದು ಒಂದೇ ಮಾತು ಹೇಳಿದ್ಳು. ಇವತ್ತಿಂದ ಹೊನ್ನಿ ಕೇಳಿದ್ದು ಕೊಡಿ, ಕೇಳದೇ ಇದ್ದದ್ದು ಕೊಡಬೇಡಿ. ಗೌಡತಿ ಮಾತು, ಪಂಚಾಯ್ತಿ ತೀರ್ಮಾನ ಅಲ್ಲಿಗೇ ಬಿದ್ದುಹೋಯ್ತು.

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಇಲ್ಲ. ಗೌಡತಿ ಮನೆಗೆ ಹೋಗಿ ಹೊನ್ನವ್ವ ತಿಂತಿದ್ದದ್ದನ್ನೇ ತಾನೂ ತಿನ್ನೋಕೆ ಶುರು ಮಾಡಿದ್ಳು. ಹುರುಳಿ ಕಟ್ಟು, ನುಗ್ಗೆಸೊಪ್ಪು, ಎರಡು ಹೊತ್ತೂ. ಎಂಟು ದಿನಕ್ಕೆ ಹೊಟ್ಟೆಯೆಲ್ಲ ಉರಿ, ಮಂಡಿ ಇನ್ನೂ ಜಾಸ್ತಿ. ಸಿಟ್ಟು ನೆತ್ತಿಗೇರಿ ಹೊನ್ನವ್ವನನ್ನ ಕರೆಸಿದ್ಳು, ನನಗೆ ಮೋಸ ಮಾಡ್ದೆ ಅಂತ. ಹೊನ್ನವ್ವ ನಕ್ಕುಬಿಟ್ಳಂತೆ. ನಲವತ್ತು ಮನೆ ಬಟ್ಟೆ ಒಟ್ಟಿಗೆ ಒಗೀತೀನಿ, ಯಾವತ್ತಾದ್ರೂ ನಿಮ್ಮ ಸೀರೆ ಪಕ್ಕದ ಮನೆಗೆ ಕೊಟ್ಟಿದ್ದೀನಾ ಅವ್ವ? ಮನೆಗೊಂದು ಗುರುತು ಹಾಕಿರ್ತೀನಿ. ಹೊಟ್ಟೆಗೂ ಹಂಗೇ ಗುರುತು ಇರುತ್ತೆ. ನನ್ನದು ನೀವು ಉಟ್ಕೊಂಡ್ರೆ ಹೆಂಗೆ?

ಹಂಗಂದು ಗೌಡರ ಅಡುಗೆಮನೆ ಹೊಸ್ತಿಲಾಚೆ ಕೂತ್ಳು. ಒಳಗೆ ಕಾಲಿಡೋ ಕಾಲ ಅಲ್ಲ ಅದು, ಅನ್ಯಾಯವೇ ಸರಿ, ಆದ್ರೂ ಕೂತ್ಳು. ಎರಡು ತಿಂಗಳು ದಿನಾ ಬಂದು ಕೂತು ಕೇಳೋಳು. ನಿನ್ನೆ ಏನುಂಡ್ರಿ, ಯಾವ ಹೊತ್ತಿಗೆ ಉಂಡ್ರಿ, ಬೆಳಗ್ಗೆ ಕಾಲು ಮಡಚೋಕೆ ಬಂತಾ? ಗೌಡತಿಗೆ ಹುರುಳಿ ಉಷ್ಣ, ಹೆಸರುಕಾಳು ತಂಪು. ಮಜ್ಜಿಗೆ ಹಾಕಿದ ಅಂಬಲಿ, ಹೀರೆಕಾಯಿ, ಎಳೆಸೊಪ್ಪು ಒಗ್ಗಿತು. ಕರಿದಿದ್ದು ಒಗ್ಗಲಿಲ್ಲ. ಎಲ್ಲಕ್ಕಿಂತ ಒಗ್ಗದೇ ಇದ್ದದ್ದು ಏನು ಗೊತ್ತಾ? ಸೊಸೆಯರ ಬಲವಂತ! ಮೂವರು ಸೊಸೆಯರು. ಒಬ್ಬಳು ಹೋಳಿಗೆ ಹಾಕಿದ್ರೆ ಇನ್ನೊಬ್ಬಳು ತುಪ್ಪ, ಮತ್ತೊಬ್ಬಳು ಅತ್ತೆ ಇನ್ನೊಂದೇ ಒಂದು ಅಂತ. ಬೇಡ ಅಂದ್ರೆ ಸೊಸೆಗೆ ನೋವು, ತಿಂದ್ರೆ ಅತ್ತೆಗೆ ನೋವು. ಹೊನ್ನವ್ವ ಆ ಮೂವರನ್ನೂ ಕೂರಿಸಿ ಬೈದ್ಳಂತೆ. ಬೇಡ ಅಂದೋರ ಎಲೆಗೆ ಬಡಿಸೋದು ಪ್ರೀತಿ ಅಲ್ಲ ಕಣ್ರೇ, ಅವರ ಮಾತು ನಂಬದೇ ಇರೋದು ಅಂತ.

ಸಂಕ್ರಾಂತಿ ಹೊತ್ತಿಗೆ ನಿಂಗಾಜಮ್ಮ ಹೊಳೆಗೆ ಓಡಿ ಹೋದ್ಳು ಅಂತ ಹೇಳ್ತಾರೆ. ಈಜಿ ಆ ದಡ ಮುಟ್ಟಿದ್ಳು ಅಂತಲೂ ಹೇಳ್ತಾರೆ. ಸುಳ್ಳು! ಕೋಲು ಹಿಡ್ಕೊಂಡು ನಡೆದು ಹೋದ್ಳು. ಹೊನ್ನವ್ವನ ಬಂಡೆ ಮೇಲೆ ಕೂತು ನೀರಿಗೆ ಕಾಲು ಬಿಟ್ಳು. ನಾಲ್ಕು ವರ್ಷ ಆದ ಮೇಲೆ. ಅಷ್ಟು ಸಾಲದಾ? ಅದಕ್ಕೆ ಈಜೋದು ಬೇರೆ ಸೇರಿಸಬೇಕಾ?

ಆಮೇಲೆ ಸುತ್ತಲ ಊರಿಂದೆಲ್ಲ ಜನ ಬಂದ್ರು. ಗಾಡಿ ಕಟ್ಕೊಂಡು ಬಂದ್ರು, ಹೊತ್ಕೊಂಡು ಬಂದ್ರು. ಮದ್ದು ಕೊಡು ಅನ್ನೋರು. ಮದ್ದು ಪಂಡಿತರ ಹತ್ರ ತಗೊಳ್ಳಿ, ನನ್ನ ಹತ್ರ ಇರೋದು ಬರೀ ಪ್ರಶ್ನೆ ಅನ್ನೋಳು. ಒಗೆಯೋ ಹೊನ್ನಿ ಈಗ ಒಗ್ಗಿಸೋ ಹೊನ್ನಿ ಆದ್ಳು ಅಂತ ಊರ ಹುಡುಗರು ಆಡಿಸೋರು. ನಿನ್ನ ನೋವು ಪೂರ್ತಿ ಹೋಯ್ತಾ ಅಂತ ಯಾರಾದ್ರೂ ಕೇಳಿದ್ರೆ ಇಲ್ಲ ಅಂತಿದ್ಳು, ಎಷ್ಟೋ ದಿನ ಇರುತ್ತೆ, ಆದ್ರೆ ನಲವತ್ತು ಮನೆ ಬಟ್ಟೆ ಇವತ್ತೂ ಒಗೀತೀನಿ. ಹಣ್ಣು ಮುದುಕಿ ಆಗೋವರೆಗೂ ಒಗೆದ್ಳು ಅಂತ ಹೇಳ್ತಾರೆ. ಇದನ್ನ ನಾನು ನಂಬ್ತೀನಿ.

ಕಲ್ಲುಮಡಿಯಲ್ಲಿ ಇವತ್ತಿಗೂ ಮದುವೆಯಾಗಲಿ ತಿಥಿಯಾಗಲಿ, ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದ್ರೆ ಬಡಿಸೋರು ಮುಂದಕ್ಕೆ ಹೋಗ್ತಾರೆ. ಒಬ್ಬರೂ ಮುನಿಸ್ಕೊಳ್ಳಲ್ಲ. ಹೊಸ ಸೊಸೆ ಬಂದ್ರೆ ಏನು ಅಡುಗೆ ಬರುತ್ತೆ ಅಂತ ಮೊದಲು ಕೇಳೋಲ್ಲ. ಒಲೆ ಮುಂದೆ ಕೂರಿಸಿ, ನಿನಗೆ ಏನು ಒಗ್ಗಲ್ಲ ಮಗ ಅಂತ ಕೇಳ್ತಾರೆ. ಹೊನ್ನವ್ವನ ಹೆಸರಲ್ಲಿ ಕೇಳ್ತಾರೆ.

ನಾನು ಆ ಊರಿಗೆ ಸೊಸೆಯಾಗಿ ಹೋದಾಗ ನನಗೆ ಹದಿನೇಳು. ಹದಿಮೂರರಿಂದಲೇ ಸೊಂಟ, ಬೆನ್ನು, ಕೈಬೆರಳು ನೋವು. ತವರಲ್ಲಿ ಸೋಮಾರಿ ಅಂತಿದ್ರು. ಕಳಿಸೋವಾಗ ನಮ್ಮವ್ವ ಕಿವಿಯಲ್ಲಿ ಹೇಳಿದ್ದು ಒಂದೇ, ಅಲ್ಲಿ ಬಾಯಿ ಬಿಡಬೇಡ, ವಾಪಸ್ಸು ಕಳಿಸ್ತಾರೆ ಅಂತ. ನಮ್ಮತ್ತೆ ಒಲೆ ಮುಂದೆ ಕೂರಿಸಿ ಕೇಳಿದ್ರು. ಎಲ್ಲ ಒಗ್ಗುತ್ತೆ ಅಂದೆ. ಅವರು ಏಳಲಿಲ್ಲ. ನನ್ನ ಬೆರಳನ್ನೇ ನೋಡ್ತಾ ಇನ್ನೊಂದು ಸಲ ಕೇಳಿದ್ರು. ಹೇಳ್ಬಿಟ್ಟೆ ಕಣ್ರವ್ವ. ನಾಲ್ಕು ವರ್ಷದ್ದು ಎಲ್ಲ ಹೇಳ್ಬಿಟ್ಟೆ, ಅತ್ಕೊಂಡು. ನಮ್ಮತ್ತೆ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಎದ್ದು, ಒಲೆ ಮೇಲೆ ಕುದೀತಿದ್ದ ಸಾರು ಇಳಿಸಿ ಪಕ್ಕಕ್ಕಿಟ್ಟು, ನನಗೆ ಅಂತ ಬೇರೆ ಪಾತ್ರೆ ಇಟ್ರು.