ಕೊರಳಲ್ಲಿ ಎರಡು ಬೆರಳು ಜಾಗ

"ಕೇಳ್ರಪ್ಪೋ ಕೇಳಿ! ಕಂಕಣಪುರದ ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪು ಉತ್ತರ ಹೇಳಿದವರ ತಲೆ ಹುಣ್ಣಿಮೆಯ ದಿನ ಹೋಗುತ್ತದೆ!"

ಡಂಗುರ ಹೀಗೆ ಸಾರಿದರೂ ಅರಮನೆಯ ಮುಂದೆ ಗಂಡುಗಳ ಸಾಲು ಕರಗಲಿಲ್ಲ. ತಮ್ಮ ತಲೆಯ ಮೇಲೆ ಅವರಿಗೆ ಅಷ್ಟು ಭರವಸೆ, ಪಾಪ. ಹುಣ್ಣಿಮೆ ಬರುವ ಹೊತ್ತಿಗೆ ಅಂಗಳದ ತುಂಬ ಸಂಕೋಲೆ ತೊಟ್ಟವರು. ಅವರಲ್ಲೊಬ್ಬ, ಮನೆಯಲ್ಲಿ ಗೋಲಿ ಸೋಡಾ ಮಾಡಿ ಸಂತೆಯಲ್ಲಿ ಮಾರುವ ಸಿದ್ಧಗ. ಹುಣ್ಣಿಮೆಯ ಬೆಳಿಗ್ಗೆ ಓಡಿ ಬಂದ ತಮ್ಮ ಚೆನ್ನಿಗ, ಕಂಬಕ್ಕೆ ಕಟ್ಟಿದ್ದ ಅಣ್ಣನ ಹತ್ತಿರ ನುಗ್ಗಿದ.

"ಕುಮಾರಿಗೆ ಸೋಡಾ ಮಾಡೋ ಹುಚ್ಚಂತೆ ಕಣೋ. ಮೂರೂ ಅದರದ್ದೇ ಒಗಟು," ಎಂದ ಸಿದ್ಧಗ. "ನಾನು ಮೂರಕ್ಕೂ ಸರಿಯಾಗೇ ಹೇಳ್ದೆ. ಮೂರನೇದು ತಪ್ಪು ಅಂದ್ಬಿಟ್ರು. ಅವರ ಪ್ರಕಾರ ಬಾಟಲಿ ಕಂಠಪೂರ್ತಿ ತುಂಬಬೇಕಂತೆ. ನೀನೂ ಹಾಗೇ ಅನ್ನು. ಗೆದ್ದು ನನ್ನ ಬಿಡಿಸ್ಕೋ."

ಸಭೆಯಲ್ಲಿ ಚೆನ್ನಿಗನಿಗಿಂತ ಮುಂದೆ ಇಬ್ಬರಿದ್ದರು. ಹೊನ್ನಾಂಬೆ ಕೇಳಿದಳು: "ಒಬ್ಬ ಸೆರೆಯಾಳು ಒಳಗಿಂದ ತಾನೇ ಬಾಗಿಲು ಒತ್ತಿ ಹಿಡಿದು ತನ್ನನ್ನು ಕೂಡಿಹಾಕಿಕೊಂಡಿದ್ದಾನೆ. ಯಾರವನು?"

"ದೇಹದೊಳಗಿನ ಜೀವ," ಎಂದ ಪಾಳೆಯಗಾರನ ಮಗ, ಮೀಸೆ ತಿರುವುತ್ತ. ಕೈ ಮೀಸೆಯ ಮೇಲಿರುವಾಗಲೇ ಭಟರು ಅವನನ್ನು ಎಳೆದೊಯ್ದರು. "ಜಿಪುಣ," ಎಂದ ವರ್ತಕನ ಮಗ. ಮನೆಯಲ್ಲಿ ಅಪ್ಪನನ್ನು ನೋಡಿ ಹೇಳಿದ್ದಿರಬೇಕು. ಅವನೂ ಹೋದ.

"ಸೋಡಾದ ಗಾಳಿ, ತಾಯಿ," ಎಂದ ಚೆನ್ನಿಗ. "ಬಾಟಲಿ ತಲೆಕೆಳಗು ಮಾಡಿದ್ರೆ ಗೋಲಿ ಬಾಯಿಗೆ ಬಂದು ಕೂರುತ್ತೆ. ಆಮೇಲೆ ಒಳಗಿನ ಗಾಳಿನೇ ಅದನ್ನ ಒತ್ತಿ ಹಿಡಿಯುತ್ತೆ."

ಸಭೆ ಮತ್ತೊಮ್ಮೆ ಬೆಚ್ಚಿತು. ಸಿದ್ಧಗ ಹೇಳುವವರೆಗೂ ಇದನ್ನು ವೇದಾಂತದ ಒಗಟೆಂದು ನಂಬಿದ್ದ ರಾಜನಂತೂ ಮತ್ತೆ ಮಗಳ ಮುಖವನ್ನೇ ನೋಡಿದ.

"ಆ ಸೆರೆಯಾಳು ನೀರಲ್ಲಿ ಅಡಗಿದ್ದರೆ ಕಾಣುವುದಿಲ್ಲ. ಬಾಗಿಲು ತೆರೆದರೆ ನೀರನ್ನೂ ಹೊತ್ತು ಓಡುತ್ತಾನೆ. ಅವನನ್ನು ಸಮಾಧಾನ ಮಾಡುವವರು ಯಾರು?" ಎಂದು ಹೊನ್ನಾಂಬೆ ಎರಡನೆಯದನ್ನು ಕೇಳಿದಳು.

"ತಂಪು, ತಾಯಿ. ಒದ್ದೆ ಮರಳಲ್ಲಿ ಹೂತಿಟ್ರೆ ಗಾಳಿ ನೀರಲ್ಲೇ ಕರಗಿ ಕೂರುತ್ತೆ."

"ಅವನ ಬಲ ಒಂದಿಷ್ಟೂ ಕುಂದಬಾರದು. ಹಾಗಾದರೆ ಅವನ ಮನೆಯನ್ನು ಎಲ್ಲಿಯವರೆಗೆ ತುಂಬಬೇಕು?" ಎನ್ನುತ್ತ ಹೊನ್ನಾಂಬೆ ಕಿಟಕಿಯ ಬಿಸಿಲಲ್ಲಿಟ್ಟಿದ್ದ ತನ್ನದೇ ಬಾಟಲಿಯೊಂದನ್ನು ಎತ್ತಿಕೊಂಡಳು.

ಕಂಠಪೂರ್ತಿ ಎಂದರೆ ಸಾಕು, ಅಣ್ಣ ಉಳಿಯುತ್ತಾನೆ. ಚೆನ್ನಿಗ ಬಾಯಿ ತೆರೆದ. ಆಗ ಆ ಬಾಟಲಿ ಸರಿಯಾಗಿ ಕಣ್ಣಿಗೆ ಬಿತ್ತು. ಗೋಲಿಯವರೆಗೂ ನೀರು, ಬಿಸಿಲಿಗೆ ಕಾದ ಗಾಜು. ಅವಳು ಅದನ್ನು ಮುಖದ ಹತ್ತಿರವೇ ಹಿಡಿದಿದ್ದಳು. ಹೇಳಬೇಕೆಂದಿದ್ದ ಮಾತನ್ನು ಅವನು ನುಂಗಿಕೊಂಡ.

"ಎರಡು ಬೆರಳು ಜಾಗ ಬಿಡ್ಬೇಕು ತಾಯಿ. ಮೊದಲು ಅದನ್ನ ಬಿಸಾಕಿ."

"ತಪ್ಪು," ಎಂದಳು ಹೊನ್ನಾಂಬೆ.

ಕತ್ತಿಗಳು ಒರೆಯಿಂದ ಹೊರಬಂದವು. ಚೆನ್ನಿಗ ಹಾರಿ ಅವಳ ಕೈಗೆ ಹೊಡೆದ. ರಾಜಕುಮಾರಿಯ ಮೇಲೆ ಕೈ ಮಾಡಿದ್ದನ್ನು ಕಂಡು ಭಟರು ಕೂಡ ಕಲ್ಲಾಗಿ ನಿಂತರು. ಬಾಟಲಿ ಮೂಲೆಯ ದಿಂಬಿನ ರಾಶಿಯ ಮೇಲೆ ಬಿದ್ದು, ಏನೂ ಆಗದೆ ಮಲಗಿತು. ಹೊನ್ನಾಂಬೆ ನಕ್ಕಳು. ನಗು ಮುಗಿಯುವ ಮುಂಚೆ ಬಾಟಲಿ ಢಮಾರೆಂದು ಸಿಡಿಯಿತು. ಗಾಜಿನ ಚೂರುಗಳು ಎದುರಿನ ಮರದ ಕಂಬಕ್ಕೆ ನಾಟಿಕೊಂಡವು.

ಚೆನ್ನಿಗನೇ ಬಿಡಿಸಿ ಹೇಳಿದ. "ಬಿಸಿಗೆ ನೀರು ಹಿಗ್ಗುತ್ತೆ. ಜಾಗ ಇಲ್ದಿದ್ರೆ ಗಾಜನ್ನೇ ಒಡೆಯುತ್ತೆ. ಕೊರಳಲ್ಲಿ ಎರಡು ಬೆರಳು ಬಿಟ್ಟು ತಂಪಲ್ಲಿಟ್ರೆ, ಬಾಟಲಿನೂ ಉಳಿಯುತ್ತೆ, ಗಾಳಿನೂ ಉಳಿಯುತ್ತೆ."

"ಹಾಗಾದರೆ ತಪ್ಪು ಉತ್ತರ ಹೇಳಿದ್ದು..." ಎಂದ ರಾಜ. ಡಂಗುರದ ಪ್ರಕಾರ ಹೋಗಬೇಕಾದ್ದು ಅವನ ಮಗಳ ತಲೆ. ಹೊನ್ನಾಂಬೆ ಬಿಳಿಚಿಕೊಂಡಿದ್ದಳು. ಆದರೂ ಭಟರ ಮುಂದೆ ಹೋಗಿ ಸಂಕೋಲೆಗೆ ಕೈ ಚಾಚಿದಳು.

"ಅರ್ಧ ರಾಜ್ಯ ನನ್ನದಾಯ್ತಲ್ವಾ ಬುದ್ಧೀ?" ಎಂದು ಕೇಳಿದ ಚೆನ್ನಿಗ. ರಾಜ ತಲೆಯಾಡಿಸಿದ. "ಹಾಗಾದ್ರೆ ತಲೆ ತೆಗೆಯೋ ಅಂಗಳ ನನ್ನ ಪಾಲಿಗೆ ಬರಲಿ. ಅಲ್ಲಿ ಯಾರ ತಲೆನೂ ಹೋಗೋದು ಬೇಡ. ಕುಮಾರಿಯವರದ್ದೂ ಬೇಡ."

ಮದುವೆಯೂ ಆಯಿತು, ಅರ್ಧ ರಾಜ್ಯವೂ ಬಂತು. ಆದರೆ ಅದಕ್ಕೆ ಮೊದಲು ಹೊನ್ನಾಂಬೆ ಅಂಗಳಕ್ಕಿಳಿದು ಸಿದ್ಧಗನ ಸಂಕೋಲೆಯನ್ನು ತಾನೇ ಬಿಚ್ಚಿದಳು.

"ನೀನು ಸರಿಯಾಗಿಯೇ ಹೇಳಿದ್ದೆ," ಎಂದಳು. "ನಾನು ನಿನ್ನನ್ನು ಕೊಲ್ಲುತ್ತಿದ್ದೆ."

ಕಂಬಕ್ಕೆ ಕಟ್ಟಿದಾಗಲೂ ಅಳದಿದ್ದ ಸಿದ್ಧಗ, ಆ ಮಾತು ಕೇಳಿ ಗೊಳೋ ಎಂದು ಅತ್ತ.