ಸೋರದ ಕಟ್ಟ

ಕನ್ನಿಹೊಳೆ ಘಟ್ಟದಿಂದ ಇಳಿದು ತಗ್ಗು ಸೇರುವ ತಿರುವಿನಲ್ಲಿ ಪೂಜ್ಯ ಶ್ರೀ ನಿತ್ಯಬೋಧ ಸ್ವಾಮಿಗಳ ಕುಟೀರವಿತ್ತು. ಒಂದೇ ಕೋಣೆ, ಮುಳಿಹುಲ್ಲಿನ ಮಾಡು. ಒಳಗೆ ಒಂದು ಚಾಪೆ, ಒಂದು ಕಮಂಡಲು, ಎರಡು ಕಾವಿ ವಸ್ತ್ರ. ಇಷ್ಟೇ ಅವರ ಆಸ್ತಿ.

ಪ್ರತಿ ವರ್ಷ ಮಾಘ ಹುಣ್ಣಿಮೆಯ ಮರುದಿನ ಸ್ವಾಮಿಗಳು ಹೊಳೆಯ ದಂಡೆ ಹಿಡಿದು ಮೂಲದವರೆಗೆ ಹತ್ತು ಮೈಲಿ ಏರುತ್ತಿದ್ದರು. ಒಬ್ಬರೇ ಹೋಗುತ್ತಿದ್ದರು. ಶಿಷ್ಯರು ಜೊತೆಗೆ ಬರುತ್ತೇವೆಂದರೆ ಕೈಯೆತ್ತಿ ನಿಲ್ಲಿಸುತ್ತಿದ್ದರು. ಅಂದು ಉಪವಾಸ. ಹೊಳೆಯ ಐದು ಕಡೆ, ಹರಿಯುವ ನೀರು ಮಾತ್ರ, ಒಂದೊಂದು ಬೊಗಸೆ. ಮೊದಲನೆಯದು ತಗ್ಗಿನ ಊರಾದ ಕೆಳಬೈಲಿನ ಸ್ನಾನದ ಮೆಟ್ಟಿಲಲ್ಲಿ, ಕೊನೆಯದು ಮೂಲದ ಬಂಡೆಯಲ್ಲಿ. ಕೆಳಗಿನದನ್ನು ಬಿಟ್ಟು ಮೇಲಿನದನ್ನು ಅವರು ಎಂದೂ ಸ್ವೀಕರಿಸಿದ್ದಿಲ್ಲ.

ಅವರಿಗೆ ಎಪ್ಪತ್ತೊಂದು ತುಂಬಿದ ವರ್ಷದ ಮಾತು. ಮುಂಜಾನೆ ಕೆಳಬೈಲಿನ ಮೆಟ್ಟಿಲಿಳಿದರೆ ಹೊಳೆಯಲ್ಲಿ ನೀರಿರಲಿಲ್ಲ. ಬಿಳಿ ಕಲ್ಲುಗಳ ನಡುವೆ ಮರಳು ಒಣಗಿತ್ತು. ಪಕ್ಕದ ಬಾವಿಯ ತಳದಲ್ಲಿ ಒಂದು ಗೇಣು ಕೆಸರು. ಗದ್ದೆಯಲ್ಲಿ ಕೊಳಕೆಯ ಪೈರು, ಅಂದರೆ ಹೊಳೆಯ ನೀರನ್ನೇ ನಂಬಿದ ಮೂರನೆಯ ಬೆಳೆ, ಹಳದಿಗೆ ತಿರುಗಿತ್ತು. ಸ್ವಾಮಿಗಳು ಬಾಗಿ ಮರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗುಟುಕು ನೀರಿಲ್ಲದೆ ಮೇಲಕ್ಕೆ ಹೊರಟರು.

ಕಣಿವೆಗೆ ವಸಂತ ಆಗಲೇ ಕಾಲಿಟ್ಟಿತ್ತು. ಎಲೆ ಕಳಚಿದ ಮುತ್ತುಗ ಕೆಂಪಗೆ ಹೂಬಿಟ್ಟಿತ್ತು. ದಂಡೆಯ ನೇರಳೆ ಮರಗಳಲ್ಲಿ ತಾಮ್ರದ ಬಣ್ಣದ ಚಿಗುರು. ಎಲ್ಲಿಂದಲೋ ಸುರಗಿಯ ಪರಿಮಳ. ಆದರೆ ಪ್ರತಿ ವರ್ಷ ಅವರ ಎಡಗಡೆ ಮಾತಾಡುತ್ತ ಇಳಿಯುತ್ತಿದ್ದ ಹೊಳೆ ಆ ದಿನ ಮೌನವಾಗಿತ್ತು. ತಮ್ಮ ಹೆಜ್ಜೆಯ ಸದ್ದು ತಮಗೇ ಕೇಳುತ್ತಿತ್ತು. ಒಂದು ಗುಂಡಿಯಲ್ಲಿ ಅಂಗೈಯಗಲದ ನೀರು ಉಳಿದು, ಅದರಲ್ಲಿ ಹತ್ತಾರು ಮೀನುಮರಿಗಳು ಒದ್ದಾಡುತ್ತಿದ್ದವು. ಸ್ವಾಮಿಗಳು ಅವನ್ನು ಒಂದೊಂದಾಗಿ ಕಮಂಡಲುವಿಗೆ ತುಂಬಿಕೊಂಡರು. ಅಲ್ಲಲ್ಲಿ ಕುಳಿತೆದ್ದು ಮೂರು ಮೈಲಿ ನಡೆದು, ಮೇಲಿನ ಊರಾದ ಮೇಲ್‌ಬೈಲು ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ.

ಮೇಲ್‌ಬೈಲಿನಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟವಿತ್ತು. ಕಲ್ಲು, ಮಣ್ಣು, ಸೊಪ್ಪು ಸೇರಿಸಿ ಮಳೆಗಾಲ ಮುಗಿದ ಮೇಲೆ ಹಾಕಿ, ಮುಂದಿನ ಮಳೆಗೆ ಕೊಚ್ಚಿಹೋಗಲು ಬಿಡುವ ಒಡ್ಡು ಅದು. ಅಂಥ ಕಟ್ಟ ಸೋರುವುದು ಸಹಜ. ಆ ವರ್ಷ ಅಲ್ಲಿಯ ಗದ್ದೆಗಳ ಒಡೆಯ ಬೆಳ್ಯಪ್ಪ ಗೌಡರು ಸೋರಿಕೆ ನಿಲ್ಲಿಸಲು ಪಣ ತೊಟ್ಟಿದ್ದರು. ಹಿಂದಿನ ವರ್ಷ ಕಟಾವಿಗೆ ಹದಿನೈದು ದಿನ ಇರುವಾಗ ನೀರು ಸಾಲದೆ ಅವರ ಕೊಳಕೆ ಜೊಳ್ಳಾಗಿತ್ತು. ಹಾಗಾಗಿ ಈ ಬಾರಿ ಕಟ್ಟದ ಒಳಮೈಗೆ ಟಾರ್ಪಾಲು ಹೊದೆಸಿ, ಅಂಚಿಗೆ ಜೇಡಿಮಣ್ಣು ಮೆತ್ತಿದ್ದರು. ಹೊಳೆಗೆ ಹೊಳೆಯೇ ಕಾಲುವೆಗೆ ತಿರುಗಿ ಅವರ ಗದ್ದೆಗೆ ಹರಿಯಿತು. ಹೆಚ್ಚಾದದ್ದು ಗುಡ್ಡದ ಆಚೆಯ ಕಮರಿಗೆ ಬೀಳುತ್ತಿತ್ತು.

ಗೌಡರಿಗೆ ದೇವರ ಮೇಲೂ ಸನ್ಯಾಸಿಗಳ ಮೇಲೂ ನಂಬಿಕೆ ಅಷ್ಟಕ್ಕಷ್ಟೆ. ನಂಬಿಕೆ ಇದ್ದದ್ದು ಗುದ್ದಲಿಯ ಮೇಲೆ. ಕೆಳಬೈಲಿಗೆ ಮದುವೆಯಾಗಿ ಹೋದ ಅಕ್ಕ ಪೂವಮ್ಮ ಒಂದು ವಾರದ ಹಿಂದೆ ಬಂದು ನೀರು ಕೇಳಿದ್ದರು.

"ನಿಮ್ಮ ಕಟ್ಟ ನೀವೇ ಕಟ್ಟಿಕೊಳ್ಳಿ ಅಕ್ಕ. ಬೇಡ ಎಂದವರು ಯಾರು?"

"ಎಂತದನ್ನು ಕಟ್ಟುವುದು ಮಾರಾಯ, ಮರಳನ್ನಾ? ನಿನ್ನ ಕಟ್ಟದ ಹಾಗೆ ನಿನ್ನ ಕಿವಿಗೂ ಟಾರ್ಪಾಲು ಹಾಕಿದ್ದೀಯಾ?"

ಹೀಗೆಂದವರೇ, ಮುಂದಿಟ್ಟ ನೀರು ಬೆಲ್ಲವನ್ನು ಮುಟ್ಟದೆ ತವರಿನಿಂದ ಇಳಿದು ಹೋಗಿದ್ದರು.

ಕಟ್ಟದ ಬಳಿ ನಿಂತಿದ್ದ ಗೌಡರು ಸ್ವಾಮಿಗಳನ್ನು ಕಂಡು ಸಣ್ಣಗೆ ನಕ್ಕರು. "ಬನ್ನಿ ಸ್ವಾಮೀ. ಹೊಳೆಗೆ ದರ್ಶನ ಕೊಡಲಿಕ್ಕೆ ಬಂದದ್ದಾ? ಇಲ್ಲಿ ಮಂತ್ರ ಬೇಡ. ಟಾರ್ಪಾಲು ಸಾಕು."

ಸ್ವಾಮಿಗಳು ಕಮಂಡಲುವಿನ ಮೀನುಗಳನ್ನು ಕಟ್ಟದ ನೀರಿಗೆ ಬಿಟ್ಟು ಬಂಡೆಯ ಮೇಲೆ ಕುಳಿತರು. ತುಟಿ ಒಡೆದಿತ್ತು. ಗೌಡರು ನಗು ನಿಲ್ಲಿಸಿದರು. ತಮ್ಮಲ್ಲಿಗೆ ಬಂದವರು ಯಾರೇ ಆಗಲಿ, ಬಾಯಾರಿಕೆ ಕೇಳುವುದು, ಅಂದರೆ ಮೊದಲು ನೀರು ಕೊಡುವುದು, ಅಲ್ಲಿಯ ರೂಢಿ. ತಂಬಿಗೆಯಲ್ಲಿ ನೀರು ಮೊಗೆದು ಮುಂದೆ ಹಿಡಿದರು.

ಸ್ವಾಮಿಗಳು ಕೈಮುಗಿದರು. "ಮೊದಲ ಬೊಗಸೆ ಕೆಳಬೈಲಿನಲ್ಲಿ."

"ಅಲ್ಲಿ ನೀರಿಲ್ಲವಲ್ಲ."

"ಇಲ್ಲ."

ತಂಬಿಗೆ ಹಿಡಿದ ಕೈ ಹಾಗೇ ನಿಂತಿತು. ಒಂದು ವಾರದಲ್ಲಿ ಇದು ಎರಡನೆಯ ಸಲ. ಎದುರಿಗೆ ಒಂದು ಕೆರೆಯಷ್ಟು ನೀರಿದೆ, ಕುಡಿಯುವವರಿಲ್ಲ.

"ಇದು ಎಷ್ಟು ಸೋರುತ್ತದೆ, ಗೌಡರೇ?" ಸ್ವಾಮಿಗಳು ಕೇಳಿದರು.

"ಒಂದು ತೊಟ್ಟೂ ಇಲ್ಲ," ಎಂದರು ಗೌಡರು. ಆ ಮಾತನ್ನು ಅವರು ಊರಿಗೆಲ್ಲ ಹೆಮ್ಮೆಯಿಂದ ಹೇಳಿದ್ದರು. ಅಂದು ದನಿ ಏರಲಿಲ್ಲ.

"ನೀವು ಸೋರಿಕೆ ಎನ್ನುವುದನ್ನು ಕೆಳಗಿನವರು ಹೊಳೆ ಎನ್ನುತ್ತಾರೆ."

ಗೌಡರು ತಮ್ಮ ಗದ್ದೆಯತ್ತ ನೋಡಿದರು. ಹಸಿರು ಪೈರು ತೆನೆ ಹೊಡೆಯಲು ಇನ್ನೂ ತಿಂಗಳಿದೆ. ಬಿಟ್ಟ ನೀರು ಮರಳಿ ಬರುವುದಿಲ್ಲ. ಈ ಸಲವೂ ಜೊಳ್ಳಾದರೆ? ಕೈಯಲ್ಲೇ ಉಳಿದ ತಂಬಿಗೆಯ ನೀರನ್ನು ಅವರು ಒಣ ಹೊಳೆಯ ಮರಳಿಗೆ ಸುರಿದರು. ಆಮೇಲೆ ಹಾರೆ ಎತ್ತಿಕೊಂಡು ಸೊಂಟದವರೆಗೆ ನೀರಿಗಿಳಿದರು. ಜೇಡಿ ಕೆರೆದು ಟಾರ್ಪಾಲಿನ ಒಂದು ತುದಿಯನ್ನು ಮಡಚಿದರು. ಎರಡು ಕೈಯಲ್ಲಿ ತಬ್ಬುವಷ್ಟು ದೊಡ್ಡ ಕಲ್ಲೊಂದನ್ನು ಮೀಟಿ ಕಿತ್ತರು. ಕಂಡಿಯಿಂದ ನೀರು ಭುಸುಗುಟ್ಟಿ ಹೊರಬಿತ್ತು.

ಸ್ವಾಮಿಗಳು ಎದ್ದು ಬರಿದಾದ ಹೊಳೆಯ ಪಾತ್ರಕ್ಕೆ ಇಳಿದರು. ಮುಖ ಕೆಳಬೈಲಿನತ್ತ. ನೀರು ಅವರ ಹಿಂದೆ ಬಂತು. ಹಾರೆ ಹೆಗಲಿಗೇರಿಸಿ ಗೌಡರೂ ದಂಡೆಯ ಮೇಲೆ ನಡೆದರು.

ಒಣಗಿದ ಹೊಳೆಯಲ್ಲಿ ನೀರು ಓಡುವುದಿಲ್ಲ. ಮರಳು ಕುಡಿದ ಮೇಲೆ, ಗುಂಡಿ ತುಂಬಿದ ಮೇಲೆ ಮುಂದಿನ ಹೆಜ್ಜೆ. ಸ್ವಾಮಿಗಳಿಗೆ ಅವಸರವಿರಲಿಲ್ಲ. ನೀರು ನಿಂತಲ್ಲಿ ಅವರೂ ಕಲ್ಲಿನ ಮೇಲೆ ಕುಳಿತರು. ಗುಂಡಿ ತುಂಬಿ ಅಂಚಿನಿಂದ ನೀರಿನ ನಾಲಿಗೆ ಹೊರಚಾಚಿದಾಗ ಎದ್ದರು. ಕಸಕಡ್ಡಿ ಅಡ್ಡ ಬಂದ ಕಡೆ ಗೌಡರು ಹಾರೆಯಿಂದ ಬಿಡಿಸಿದರು. ಮೂರನೆಯ ಗುಂಡಿಯ ಹೊತ್ತಿಗೆ ಅವರ ಬಾಯಿಂದ ತಾನಾಗಿ ಮಾತು ಹೊರಟಿತು. "ಬಾ ತಾಯಿ, ಬಾ."

ಮೂರು ಮೈಲಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಕೆಳಬೈಲಿನವರಿಗೆ ಮೊದಲು ಕೇಳಿಸಿದ್ದು ಸದ್ದು. ಆಮೇಲೆ ತಿರುವಿನಲ್ಲಿ ಕಾವಿ ವಸ್ತ್ರ ಕಂಡಿತು. ಅದರ ಹಿಂದೆ, ಬೈಗಿನ ಬಿಸಿಲಿಗೆ ಮಿನುಗುತ್ತ, ಕಲ್ಲಿನಿಂದ ಕಲ್ಲಿಗೆ ನೀರು. ಮಕ್ಕಳು ಕೂಗುತ್ತ ಓಡಿದರು. ಯಾರೋ ಭಜನೆಯ ಜಾಗಟೆ ತಂದು ಬಾರಿಸಿದರು. ಹೆಂಗಸರು ಕೊಡಪಾನ ಹಿಡಿದು ಮೆಟ್ಟಿಲಿಗಿಳಿದರು.

ಸ್ವಾಮಿಗಳು ಕೊನೆಯ ಮೆಟ್ಟಿಲಲ್ಲಿ ನಿಂತರು. ನೀರು ಬಂದು ಪಾದ ಮುಟ್ಟಿತು. ಬೊಗಸೆ ಕುಡಿದು ಕಣ್ಣು ಮುಚ್ಚಿದರು.

"ಸ್ವಾಮಿಗಳು ಗಂಗೆಯನ್ನು ಕರೆತಂದರು!" ಎಂದು ಜನ ಅಡ್ಡಬಿದ್ದರು.

"ನನ್ನದು ಬರಿಗೈ," ಎಂದರು ಸ್ವಾಮಿಗಳು. "ಕೈಯಲ್ಲಿ ಜೇಡಿ ಇರುವವರು ಅಲ್ಲಿದ್ದಾರೆ ನೋಡಿ."

ಎಲ್ಲರೂ ತಿರುಗಿ ನೋಡಿದರು. ಬೆಳ್ಯಪ್ಪ ಗೌಡರು ದಂಡೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದರು. ಪೂವಮ್ಮ ತಂಬಿಗೆ ತುಂಬಿ ಮೆಟ್ಟಿಲು ಹತ್ತಿದರು.

"ಕುಡಿ ತಮ್ಮ. ನಡೆದು ಸಾಕಾಗಿರಬೇಕು."

"ಮೊದಲು ನೀನು ಕುಡಿ ಅಕ್ಕ."

ಅಕ್ಕ ಕುಡಿದರು, ಆಮೇಲೆ ತಮ್ಮ. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಗೌಡರ ಭಯ ಸುಳ್ಳಾಯಿತು. ಕಟ್ಟದ ನೀರು ಒಂದು ಮೊಳ ಇಳಿದು ನಿಂತಿತು, ಕಾಲುವೆಯ ಬಾಯಿ ಮುಳುಗಿಯೇ ಇತ್ತು. ನಿಂತುಹೋದದ್ದು ಆಚೆಯ ಕಮರಿಗೆ ಬೀಳುತ್ತಿದ್ದ ಹೆಚ್ಚಿನ ನೀರು ಮಾತ್ರ. ಆ ವರ್ಷ ಎರಡೂ ಬೈಲಿನಲ್ಲಿ ಕೊಳಕೆ ಕೊಯ್ಲಾಯಿತು. ಗೌಡರು ಬದುಕಿರುವವರೆಗೆ ಪ್ರತಿ ವರ್ಷ ಕಟ್ಟ ಹಾಕುವಾಗ ಆ ಜಾಗದಲ್ಲಿ ಒಂದು ಕಲ್ಲು ಬಿಟ್ಟೇ ಕಟ್ಟಿದರು.

ಹೊಳೆಗೆ ನೀರು ಬಂದ ಮರುದಿನ ಸೂರ್ಯೋದಯಕ್ಕೆ ಸ್ವಾಮಿಗಳು ಮತ್ತೆ ಒಬ್ಬರೇ ಕಣಿವೆ ಏರಿದರು. ಎಡಗಡೆ ಹೊಳೆ ಮಾತಾಡುತ್ತಿತ್ತು. ಮೇಲ್‌ಬೈಲಿನಲ್ಲಿ ಬೆಳ್ಯಪ್ಪ ಗೌಡರು ಸ್ನಾನ ಮಾಡಿ, ಕೈಮುಗಿದು ಕಾಯುತ್ತಿದ್ದರು. ಸ್ವಾಮಿಗಳು ಕಂಡಿಯ ಬಳಿ ಬಾಗಿ ಎರಡನೆಯ ಬೊಗಸೆ ಸ್ವೀಕರಿಸಿದರು, ಗೌಡರ ತಲೆಯ ಮೇಲೆ ಒದ್ದೆ ಕೈಯಿಟ್ಟರು, ಮುಂದೆ ನಡೆದರು. ಅವರು ಮರಗಳ ನಡುವೆ ಮರೆಯಾಗುವ ಮೊದಲು ಹಿಂದಿನಿಂದ ಕೂಗು ಕೇಳಿತು. ಇಡೀ ಕಣಿವೆಗೆ ಕೇಳುವಷ್ಟು ಜೋರಾಗಿ, ಒಬ್ಬ ಗೆದ್ದ ಮನುಷ್ಯನ ಕೂಗು:

"ಸೋರುತ್ತಾ ಉಂಟು ಸ್ವಾಮೀ! ಒಳ್ಳೆ ಸೋರುತ್ತಾ ಉಂಟು!"