ದೇವರ ಕಾಡಿನ ಸತ್ತ ತಂತಿ

ಇರುವೆಯ ಗೂಡಿಗೂ ಆನೆಯ ಹೊಟ್ಟೆಗೂ ಒಂದೇ ಕೈಯಿಂದ ಬಡಿಸುವ ಮಲೆಯ ಒಡೆಯನಿಗೆ ಶರಣು. ನನ್ನ ನಾಲಿಗೆಯ ಮೇಲೆ ಕೂತು ಈ ಕತೆಯನ್ನು ಅವನೇ ಹೇಳಿಸಲಿ.

ಕಲ್ಲುಮಲೆಯ ಅರಸ ಮುದ್ದರಾಯ ಊರೂರಿಗೆ ಡಂಗುರ ಸಾರಿಸಿದ. "ಬೆಟ್ಟದ ಕೋಟೆಗೆ ಸುದ್ದಿ ಕಳಿಸಲೆಂದು ನಮ್ಮ ತಾತನವರು ದೇವರ ಕಾಡಿನ ನೆಲದೊಳಗೆ ತಂತಿ ಹೂಳಿಸಿದ್ದರು. ಈಗ ಸುದ್ದಿ ಗಾಳಿಯಲ್ಲೇ ಹೋಗುತ್ತದೆ; ತಂತಿ ಸತ್ತಿದೆ. ಅದರ ಸೀಸದ ಕವಚ ಸವೆದು ತೊರೆಯ ನೀರು ಕೆಡುತ್ತಿದೆ. ಮೇಲೆದ್ದ ತುಂಡುಗಳು ಜಿಂಕೆಗಳ ಕಾಲಿಗೆ ಸುತ್ತಿಕೊಳ್ಳುತ್ತಿವೆ. ಕಾಡು ಕಾಯುವ ರಕ್ಕಸಿ ಬಂಡೆವ್ವನ ಮೂರು ಒಗಟು ಬಿಡಿಸಿ, ಅವಳ ಒಪ್ಪಿಗೆ ಪಡೆದು ತಂತಿ ತೆಗೆಸಿದವನಿಗೆ ಕೇಳಿದ್ದು ಕೊಡುತ್ತೇವೆ. ಸೋತವನ ಜೀವ ಅವಳದು."

ಮೊದಲು ಹೋದವನು ದಳವಾಯಿ. ಅವನ ಹಿಂದೆ ಆಸ್ಥಾನದ ಪಂಡಿತರು. ಇಬ್ಬರೂ ಮರಳಲಿಲ್ಲ. ಆಮೇಲೆ ಬಾವಿ ತೋಡುವ ಕೆಂಚಯ್ಯ ಹೋದ. ತಮ್ಮ ಜಡೆಯನಿಗೆ ಒಂದು ಮನೆ ಕಟ್ಟಿಸಿ ಮದುವೆ ಮಾಡಬೇಕೆಂಬ ಆಸೆ ಅವನಿಗೆ. ಅವನೂ ಬರಲಿಲ್ಲ. ಸೋತವರನ್ನು ಗುಹೆಯಲ್ಲಿ ಕೂಡಿಟ್ಟಿದ್ದಾಳಂತೆ, ಅಮಾವಾಸ್ಯೆಗೆ ಸಾರು ಮಾಡುತ್ತಾಳಂತೆ ಎಂದು ಸೌದೆಗೆ ಹೋದವರು ಸುದ್ದಿ ತಂದರು.

ಜಡೆಯ ಎತ್ತುಗಳಿಗೆ ಲಾಳ ಕಟ್ಟುವವನು. ಅಪ್ಪ ಅವ್ವ ಇಲ್ಲದ ಅವನನ್ನು ಎದೆಯ ಮೇಲೆ ಮಲಗಿಸಿಕೊಂಡು ಸಾಕಿದವನು ಆ ಅಣ್ಣನೇ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಮಲೆಯ ಒಡೆಯನನ್ನು ನೆನೆದು, ರೊಟ್ಟಿ ಕಟ್ಟಿಕೊಂಡು ಕಾಡಿಗೆ ನಡೆದ.

ಬಂಡೆವ್ವ ಗುಹೆಯ ಬಾಯಿಗೆ ಬಂಡೆ ಮುಚ್ಚಿ, ಅದರ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಳು. ಜಡೆಯ ಕಾಲಿಗೆ ಬಿದ್ದ. ಇಷ್ಟು ದಿನ ಬಂದವರಾರೂ ಬಿದ್ದಿರಲಿಲ್ಲವಾಗಿ ಅವಳಿಗೆ ನಾಚಿಕೆಯಾಯಿತು.

"ಏಳಪ್ಪ. ಇಷ್ಟು ಬಡಕಲು, ನಿನ್ನಿಂದ ಸಾರೂ ಆಗೋದಿಲ್ಲ," ಎಂದಳು.

"ಅಣ್ಣನಿಗೆ ಹಸಿವು ತಡೆಯೋಕಾಗಲ್ಲ ಕಣವ್ವ. ಮೊದಲು ಅವನಿಗೆ ಈ ರೊಟ್ಟಿ ಕೊಡು, ಆಮೇಲೆ ಒಗಟು ಕೇಳು," ಎಂದ ಜಡೆಯ.

ಬಂಡೆವ್ವ ಬಂಡೆಯ ಸಂದಿಯಲ್ಲಿ ರೊಟ್ಟಿ ತೂರಿಸಿ ಮೊದಲನೆಯ ಒಗಟು ಹೇಳಿದಳು. ಈ ಕಾಡಿನಲ್ಲಿ ಒಬ್ಬಳು ತಾಯಿ ಮನೆಯೊಳಗೆ ಹೊಕ್ಕು ತಾನೇ ಬಾಗಿಲು ಮೆತ್ತಿ ಮುಚ್ಚಿಕೊಂಡಿದ್ದಾಳೆ. ಗಂಡ ಹೊರಗೆ ನಿಂತು ಸಣ್ಣ ಕಿಂಡಿಯಲ್ಲಿ ಉಣ್ಣಿಸುತ್ತಾನೆ. ಅವನು ಹೆದರಿ ಓಡಿಹೋದರೆ ಮನೆಯೇ ಗೋರಿ. ಅವಳು ಯಾರು?

"ಸೆರೆಮನೆಯ ಹೆಂಗಸು ಅನ್ನಬೇಡ, ನಾನು ಅಂದು ಕೆಟ್ಟೆ," ಎಂದು ದಳವಾಯಿಯ ದನಿ ಒಳಗಿಂದ ಬಂತು.

ಜಡೆಯ ತಲೆಯೆತ್ತಿ ನೋಡಿದ. ದೊಡ್ಡ ಕೊಕ್ಕಿನ ಹಕ್ಕಿಯೊಂದು ಅತ್ತಿಹಣ್ಣು ಕಚ್ಚಿಕೊಂಡು ಒಂದೇ ಮರದ ಮುಚ್ಚಿದ ಪೊಟರೆಯ ಕಿಂಡಿಗೆ ಹೋಗಿ ಬರುತ್ತಿತ್ತು. "ಮಂಗಟ್ಟೆ ಹಕ್ಕಿಯ ಬಾಣಂತಿ," ಎಂದ. ಬಂಡೆವ್ವ ತಲೆಯಾಡಿಸಿದಳು.

ಎರಡನೆಯದು ಹೀಗಿತ್ತು. ಒಬ್ಬ ಬಾಯಿಲ್ಲದೆ ಮಾತು ಹೊತ್ತ, ಸತ್ತ, ಸಾಕಿದವರು ಮರೆತರು. ಕೈಯಿಲ್ಲದ ಪರದೇಶಿಯೊಬ್ಬ ಅವನನ್ನು ಅಪ್ಪಿಕೊಂಡು ಬಿಡುತ್ತಿಲ್ಲ. ಸತ್ತವನು ಯಾರು, ಅಪ್ಪಿದವನು ಯಾರು?

ಪಂಡಿತರು ಒಳಗಿನಿಂದ, ತಾವು ಓಲೆಗರಿ ಮತ್ತು ಗೆದ್ದಲು ಎಂದದ್ದನ್ನು ಸಂಕೋಚದಿಂದಲೇ ತಿಳಿಸಿದರು. ಜಡೆಯ ಮಂಗಟ್ಟೆ ಕೂತ ಮರದ ಬುಡಕ್ಕೆ ಹೋಗಿ ಕೈಯಿಂದ ಮಣ್ಣು ಸರಿಸಿದ. ಕಪ್ಪು ತಂತಿಯ ಸುತ್ತ ಬೇರುಗಳು ಹೆಣೆದುಕೊಂಡಿದ್ದವು. "ಸತ್ತದ್ದು ತಂತಿ. ಅಪ್ಪಿದ್ದು ಬೇರು," ಎಂದ.

ಈಗ ಬಂಡೆವ್ವನ ದನಿ ಇಳಿಯಿತು. "ತೆಗೆದರೆ ಕಾಡಿಗೆ ನೋವು. ಬಿಟ್ಟರೂ ಕಾಡಿಗೆ ನೋವು. ಏನು ಮಾಡಬೇಕು, ಹೇಳು. ತಪ್ಪಿದರೆ ಅಣ್ಣ ತಮ್ಮ ಇಬ್ಬರೂ ನನ್ನವರು."

"ತಮ್ಮಾ, ಒಂದೇ ದಿನದಲ್ಲಿ ಅಗೆದು ಎಳೆದುಹಾಕ್ತೀನಿ ಅಂದೆ ನಾನು, ಅದಲ್ಲ ಕಣೋ," ಎಂದು ಕೆಂಚಯ್ಯ ಒಳಗಿನಿಂದ ಅತ್ತ.

ಅಣ್ಣನ ಅಳು ಕೇಳುತ್ತಲೇ ಜಡೆಯನಿಗೆ ಸುಳ್ಳು ಧೈರ್ಯದ ಮಾತೊಂದು ನಾಲಿಗೆಯ ತುದಿಗೆ ಬಂತು. ಒಡೆಯ ಅದನ್ನು ಅಲ್ಲೇ ತಡೆದ.

"ಗೊತ್ತಿಲ್ಲ ಕಣವ್ವ," ಎಂದ. "ಎತ್ತಿನ ಗೊರಸಿಗೆ ಮುಳ್ಳು ಹೊಕ್ಕರೆ ಕಾಲು ಮಡಿಲಲ್ಲಿಟ್ಟು ನೋಡದೆ ನಾನು ಚಿಮಟ ಹಾಕಲ್ಲ. ಕೆಲವು ಮುಳ್ಳು ಕೀಳಬೇಕು. ಕೆಲವಕ್ಕೆ ಮಾಂಸ ಕೂಡಿರುತ್ತೆ, ಕಿತ್ತರೆ ಎತ್ತು ಕುಂಟು. ಈ ತಂತಿ ಹೋದಷ್ಟೂ ದೂರ ನನ್ನ ನಡೆಸು. ನೋಡಿ ಹೇಳ್ತೀನಿ."

ಬಂಡೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡ್ತೀನಿ ಅಂದವನು ನೀನೊಬ್ಬನೇ ಮಗ. ಅದೇ ಉತ್ತರ," ಎಂದು ಬಂಡೆ ಸರಿಸಿದಳು. ಕೆಂಚಯ್ಯ ಗಡ್ಡದ ತುಂಬ ರೊಟ್ಟಿಯ ಪುಡಿಯೊಂದಿಗೆ ಬಂದು ತಮ್ಮನನ್ನು ತಬ್ಬಿಕೊಂಡ. ದಳವಾಯಿ, ಪಂಡಿತರು ಅವನ ಹಿಂದೆಯೇ ಹೊರಬಂದರು.

ಜಡೆಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವಳು ಕಾಡೆಲ್ಲ ತೋರಿಸಿ, ತಂತಿ ತೆಗೆಸಲು ಒಪ್ಪಿದಳು. ಊರಿಗೆ ಮರಳಿ ಅರಸನೆದುರು ಅವನು ಮೂರು ಒಗಟಿನ ತಿರುಳನ್ನೂ ಬಿಡಿಸಿ ಹೇಳಿದ. ಮೊದಲನೆಯದು ಯಾವಾಗ ಎಂಬುದು: ಮಂಗಟ್ಟೆಯ ಮರಿ ಹಾರುವ ತನಕ ಗುದ್ದಲಿಯ ಸದ್ದು ಬೇಡ. ಎರಡನೆಯದು ಎಲ್ಲಿ ಎಂಬುದು: ಬೇರು ಅಪ್ಪಿದ ಕಡೆ ಎರಡೂ ತುದಿ ಕತ್ತರಿಸಿ ಹಾಗೆಯೇ ಬಿಡಬೇಕು, ತೊರೆಯಲ್ಲಿ, ಜಿಂಕೆಯ ದಾರಿಯಲ್ಲಿ ಪೂರ್ತಿ ತೆಗೆಯಬೇಕು. ಮೂರನೆಯದು ಹೇಗೆ ಎಂಬುದು: ನೆಲವನ್ನು ನೋಡಿದ ಮೇಲೆ ಮಾತು, ಮಾತಾದ ಮೇಲೆ ಕೈ.

ಮರಿಗಳು ಹಾರಿದ ಮೇಲೆ ಕೆಲಸವಾಯಿತು. ಆನೆ ಕಟ್ಟಿ ಎಳೆಸಲಿಲ್ಲ. ದಳವಾಯಿ ತಂತಿ ಸುತ್ತಿದ, ಪಂಡಿತರು ಬುಟ್ಟಿ ಹೊತ್ತರು, ಕೆಂಚಯ್ಯ ತೋಡಿದ ಮಣ್ಣನ್ನು ತೋಡಿದಲ್ಲಿಗೇ ತುಂಬಿದ. ಪಂಡಿತರ ಬುಟ್ಟಿ ಓರೆಯಾದಾಗಲೆಲ್ಲ ಬಂಡೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಏನು ಬೇಕೆಂದು ಅರಸ ಕೇಳಿದಾಗ ಜಡೆಯ ಅಣ್ಣನ ಮುಖ ನೋಡಿ, ಇಬ್ಬರಿಗೂ ಸಾಲುವ ಒಂದು ಮನೆ ಬೇಡಿದ. ಅರಸ ಅದನ್ನು ಕಾಡಿನ ಅಂಚಿನಲ್ಲೇ ಕಟ್ಟಿಸಿಕೊಟ್ಟು, ಇನ್ನು ದೇವರ ಕಾಡಿನಲ್ಲಿ ಒಂದು ಗೂಟ ನೆಡಬೇಕಾದರೂ ಜಡೆಯ ನಡೆದು ನೋಡಿ ಹೂಂ ಅನ್ನಬೇಕೆಂದು ಆಜ್ಞೆ ಮಾಡಿದ. ಜಡೆಯನ ಮದುವೆಗೆ ಹೆಣ್ಣು ನೋಡಲು ಹೋದವರಲ್ಲಿ ಬಂಡೆವ್ವನೂ ಇದ್ದಳು. ಹೆಣ್ಣಿನ ಮನೆಯವರು ಮೊದಲು ಬೆಚ್ಚಿಬಿದ್ದರು, ಆಮೇಲೆ ದೊಡ್ಡ ಮಣೆ ಹುಡುಕಿದರು.

ಕೇಳಿದ ನಿಮ್ಮೆಲ್ಲರ ಮನೆಯ ಬಾಣಂತಿಯರು ಸುಖವಾಗಿರಲಿ, ಒಡಹುಟ್ಟಿದವರು ಒಂದಾಗಿರಲಿ, ಕುಡಿಯುವ ನೀರು ತಿಳಿಯಾಗಿರಲಿ. ಮಲೆಯ ಒಡೆಯ ನಿಮ್ಮನ್ನು ಕಾಯಲಿ.